ಮನೆಯ ದಾಖಲೆಗಳ ಸಂಗ್ರಹಕ್ಕಾಗಿ ಬಳಸಿದ ಕಿರು ಗಣಕಯಂತ್ರದ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

1. ಪ್ರಸ್ತಾವನೆ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ನಾಗರಿಕರು ಸರ್ಕಾರದ ವಿವಿಧ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಶಾಲಾ ಅಂಕಪಟ್ಟಿ ಮುಂತಾದ ದಾಖಲೆಗಳ ಪ್ರತಿಗಳನ್ನು ಪದೇ ಪದೇ ಒದಗಿಸಬೇಕಾಗುತ್ತದೆ. ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡು ಎರಡು ದಶಕಗಳಿಗೂ ಹೆಚ್ಚು ಕಾಲವಾಗಿದೆ. ಸಕಾಲ ಸೇವೆಗಳು 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಯಲ್ಲಿವೆ. ನಾಡಕಚೇರಿ, ಸೇವಾ ಸಿಂಧು ಮತ್ತು ಗ್ರಾಮ ಒನ್ ಮೂಲಕ ಇಂದು ದೊರೆಯುವ ಅನೇಕ ಪ್ರಮಾಣ ಪತ್ರಗಳು ಮೂಲತಃ ವಿದ್ಯುನ್ಮಾನ ಕಡತಗಳೇ ಆಗಿವೆ.

ಆದರೆ ಈ ಕಡತಗಳು ಮನೆಯಲ್ಲಿ ಒಂದೆಡೆ ಇರುವುದು ವಿರಳ. ಕೆಲವು ಒಬ್ಬರ ಮೊಬೈಲಿನಲ್ಲಿ, ಕೆಲವು ಮತ್ತೊಬ್ಬರ ಪೆನ್ ಡ್ರೈವಿನಲ್ಲಿ, ಇನ್ನು ಕೆಲವು ಜೆರಾಕ್ಸ್ ಅಂಗಡಿಯ ಗಣಕಯಂತ್ರದಲ್ಲಿ ಉಳಿದಿರುತ್ತವೆ. ಮೊಬೈಲ್ ಕೆಟ್ಟಾಗ ದಾಖಲೆಯೂ ಹೋಗುತ್ತದೆ. ಅಂಗಡಿಯಲ್ಲಿ ಉಳಿದ ಆಧಾರ್ ಪ್ರತಿಯು ಯಾರ ಕೈಗೆ ಸೇರುತ್ತದೆ ಎಂಬುದು ಅರ್ಜಿದಾರರಿಗೆ ತಿಳಿಯುವುದಿಲ್ಲ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ವರದಾ ಮತ್ತು ಧರ್ಮಾ ನದಿಗಳ ದಂಡೆಯ ಗ್ರಾಮಗಳಿಗೆ ನೀರು ನುಗ್ಗಿದಾಗ ಕಂಡುಬಂದ ಸಂಗತಿಯೆಂದರೆ, ಮನೆಯಲ್ಲಿನ ಕಾಗದಪತ್ರಗಳು ನೀರುಪಾಲಾಗುವ ಹೊತ್ತಿನಲ್ಲಿಯೇ ಪರಿಹಾರದ ಅರ್ಜಿಗೆ ಅವುಗಳ ಅಗತ್ಯ ಬೀಳುತ್ತದೆ.

ಈ ಹಿನ್ನೆಲೆಯಲ್ಲಿ, ಕುಟುಂಬದ ದಾಖಲೆಗಳನ್ನು ಮನೆಯಲ್ಲಿಯೇ ಒಂದು ಚಿಕ್ಕ ಗಣಕಯಂತ್ರದಲ್ಲಿ ಇರಿಸಿ, ಮನೆಯ ಎಲ್ಲ ಮೊಬೈಲ್‌ಗಳಿಂದಲೂ ಪಡೆಯುವ ವ್ಯವಸ್ಥೆಯನ್ನು ಮಾಡಿಕೊಳ್ಳಲು ಇಚ್ಛಿಸುವವರಿಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕಡಿಮೆ ಬೆಲೆಗೆ ದೊರೆಯುವ ಬಳಸಿದ ಯಂತ್ರವನ್ನು ಕೊಳ್ಳುವಾಗ ಬೆಲೆಗಿಂತ ಮುಖ್ಯವಾಗಿ ಪರಿಶೀಲಿಸಬೇಕಾದ ಅಂಶಗಳು ಮೂರು: ಅದು ದಿನವಿಡೀ ಬಳಸುವ ವಿದ್ಯುತ್ತು, ಅದರಲ್ಲಿ ಉಳಿದಿರಬಹುದಾದ ಹಳೆಯ ಮಾಲೀಕರ ಬೀಗ, ಮತ್ತು ದಾಖಲೆಗಳ ಎರಡನೆಯ ಪ್ರತಿಯ ವ್ಯವಸ್ಥೆ. ಈ ಮಾಹಿತಿಯು ಸಲಹಾರೂಪದ್ದಾಗಿದ್ದು, ಯಾವುದೇ ಸೇವೆಯನ್ನು ಪಡೆಯಲು ಇಂತಹ ಯಂತ್ರವನ್ನು ಹೊಂದಿರುವುದು ಕಡ್ಡಾಯವಲ್ಲ.

2. ಮನೆಯ ಸರ್ವರ್ ಎಂದರೇನು?

ಹಗಲಿರುಳು ಚಾಲನೆಯಲ್ಲಿದ್ದು, ಮನೆಯ ವೈ-ಫೈ ಮೂಲಕ ಇತರ ಸಾಧನಗಳಿಗೆ ಕಡತಗಳನ್ನು ಒದಗಿಸುವ ಗಣಕಯಂತ್ರವನ್ನು ಮನೆಯ ಸರ್ವರ್ ಎನ್ನಲಾಗುತ್ತದೆ. ಇದಕ್ಕೆ ಪರದೆ ಮತ್ತು ಕೀಲಿಮಣೆಗಳು ಮೊದಲ ಬಾರಿ ಸಿದ್ಧಪಡಿಸುವಾಗ ಮಾತ್ರ ಬೇಕು. ನಂತರ ರೂಟರಿಗೆ ತಂತಿಯಿಂದ ಜೋಡಿಸಿ ಒಂದು ಮೂಲೆಯಲ್ಲಿ ಇಟ್ಟರೆ ಸಾಕು.

ದಾಖಲೆಗಳಿಗೆ ಬೇಕಾಗುವ ಸ್ಥಳ ಸ್ವಲ್ಪವೇ. ಒಂದು ಪುಟದ ಬಣ್ಣದ ಸ್ಕ್ಯಾನ್ ಪ್ರತಿಯು ಸುಮಾರು 1 ಎಂಬಿ ಎಂದು ಇಟ್ಟುಕೊಂಡರೂ 1,000 ಪುಟಗಳಿಗೆ 1 ಜಿಬಿ ಆಗುತ್ತದೆ. ಮೊಬೈಲಿನ ಛಾಯಾಚಿತ್ರವೊಂದು 4 ಎಂಬಿ ಎಂದು ಭಾವಿಸಿದರೆ 10,000 ಚಿತ್ರಗಳಿಗೆ 40 ಜಿಬಿ ಬೇಕು. ಆದ್ದರಿಂದ ದಾಖಲೆ ಮತ್ತು ಛಾಯಾಚಿತ್ರಗಳಿಗೆ ಮಾತ್ರವಾದರೆ 256 ಜಿಬಿ ಸಾಮರ್ಥ್ಯದ ಎಸ್‌ಎಸ್‌ಡಿ ಸಾಕಾಗುತ್ತದೆ. ವಿಡಿಯೋಗಳನ್ನೂ ಇಡುವುದಾದರೆ ಮಾತ್ರ ಹೆಚ್ಚಿನ ಸಾಮರ್ಥ್ಯವನ್ನು ಪರಿಗಣಿಸಬಹುದು.

3. ಯಾವ ಯಂತ್ರಗಳು ಸೂಕ್ತ?

ಕಚೇರಿ ಮತ್ತು ಬ್ಯಾಂಕುಗಳಲ್ಲಿ ಪರದೆಯ ಹಿಂಬದಿಗೆ ಅಂಟಿಸಿದಂತೆ ಕಾಣುವ, ಸುಮಾರು 1 ಲೀಟರ್ ಗಾತ್ರದ ಕಿರು ಗಣಕಯಂತ್ರಗಳು ಈ ಉದ್ದೇಶಕ್ಕೆ ಸೂಕ್ತ. ಸಂಸ್ಥೆಗಳು ಕೆಲವು ವರ್ಷಗಳ ನಂತರ ಇವನ್ನು ಒಟ್ಟಾಗಿ ಬದಲಾಯಿಸುವುದರಿಂದ ಹಳೆಯವು ಮಾರುಕಟ್ಟೆಗೆ ಬರುತ್ತವೆ. ಸಾಮಾನ್ಯವಾಗಿ ಕಂಡುಬರುವ ಮಾದರಿಗಳು ಈ ಕೆಳಕಂಡಂತಿವೆ:

(ಅ) ಇಂಟೆಲ್ 6 ಮತ್ತು 7ನೇ ಪೀಳಿಗೆಯ ಪ್ರೊಸೆಸರ್ ಉಳ್ಳವು: ಡೆಲ್ ಆಪ್ಟಿಪ್ಲೆಕ್ಸ್ 3050 ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಎಂ710ಕ್ಯೂ, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ3 ಮಿನಿ.
(ಆ) ಇಂಟೆಲ್ 8ನೇ ಪೀಳಿಗೆಯ ಪ್ರೊಸೆಸರ್ ಉಳ್ಳವು: ಡೆಲ್ ಆಪ್ಟಿಪ್ಲೆಕ್ಸ್ 3060 ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ4 ಮಿನಿ.

(ಅ) ವರ್ಗದ ಯಂತ್ರಗಳು ಅಗ್ಗವಾಗಿರುವುದಕ್ಕೆ ನಿರ್ದಿಷ್ಟ ಕಾರಣವಿದೆ. ವಿಂಡೋಸ್ 10ಕ್ಕೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ತಂತ್ರಾಂಶವು ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ನಂತರದ ಪ್ರೊಸೆಸರನ್ನು ಅಪೇಕ್ಷಿಸುತ್ತದೆ. ಹೀಗಾಗಿ ಕೆಟ್ಟುಹೋಗಿರದಿದ್ದರೂ 6 ಮತ್ತು 7ನೇ ಪೀಳಿಗೆಯ ಯಂತ್ರಗಳನ್ನು ಕಚೇರಿಗಳು ಕೈಬಿಡುತ್ತಿವೆ. ಮನೆಯ ಸರ್ವರಿಗೆ ವಿಂಡೋಸ್ ಅಗತ್ಯವಿಲ್ಲ. ಉಚಿತವಾಗಿ ದೊರೆಯುವ ಡೆಬಿಯನ್ ಮುಂತಾದ ಲಿನಕ್ಸ್ ತಂತ್ರಾಂಶಗಳು ಈ ಯಂತ್ರಗಳಲ್ಲಿ ಸುರಕ್ಷತಾ ಪರಿಷ್ಕರಣೆಗಳೊಂದಿಗೆ ನಡೆಯುತ್ತವೆ. ಯಂತ್ರವನ್ನು ಮುಂದೆ ಮಕ್ಕಳ ವಿದ್ಯಾಭ್ಯಾಸಕ್ಕೆ ವಿಂಡೋಸ್ ಸಹಿತ ಬಳಸುವ ಉದ್ದೇಶವಿದ್ದಲ್ಲಿ ಮಾತ್ರ (ಆ) ವರ್ಗಕ್ಕೆ ಹೆಚ್ಚಿನ ಹಣ ಕೊಡುವುದು ಸಮಂಜಸ.

ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಟಿ' ಅಕ್ಷರವಿದ್ದರೆ, ಉದಾಹರಣೆಗೆ ಐ5-6500ಟಿ ಅಥವಾ ಐ5-7500ಟಿ, ಅದು 35 ವಾಟ್ ಮಿತಿಗೆ ವಿನ್ಯಾಸಗೊಂಡದ್ದು ಎಂದರ್ಥ. ಅಂತಹವು ಕಡಿಮೆ ಬಿಸಿಯಾಗುತ್ತವೆ. ಬಿಸಿ ಕಡಿಮೆಯಾದಷ್ಟೂ ಫ್ಯಾನ್ ನಿಧಾನವಾಗಿ ತಿರುಗಿ ಶಬ್ದವೂ ಕಡಿಮೆಯಾಗುತ್ತದೆ.

ಮೆಮೊರಿಯು 8 ಜಿಬಿ ಇದ್ದರೆ ಸಾಕು. ಕೇವಲ ಕಡತ ಸಂಗ್ರಹಕ್ಕೆ 4 ಜಿಬಿಯೂ ನಡೆಯುತ್ತದೆ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿದೆ. ಆದ್ದರಿಂದ ಮೆಮೊರಿ ಮತ್ತು ಎಸ್‌ಎಸ್‌ಡಿ ಇಲ್ಲದ ಖಾಲಿ ಯಂತ್ರವನ್ನು ಅಗ್ಗವೆಂದು ಕೊಂಡು, ನಂತರ ಅವುಗಳನ್ನು ಪ್ರತ್ಯೇಕವಾಗಿ ಖರೀದಿಸಿದರೆ ಒಟ್ಟು ವೆಚ್ಚ ಹೆಚ್ಚಾಗುವ ಸಂಭವವಿದೆ. ಬೆಲೆಯನ್ನು ವಿಚಾರಿಸುವಾಗ ಮೆಮೊರಿ, ಎಸ್‌ಎಸ್‌ಡಿ ಮತ್ತು ಅಡಾಪ್ಟರ್ ಮೂರೂ ಸೇರಿದ ಬೆಲೆಯನ್ನೇ ಕೇಳತಕ್ಕದ್ದು.

4. ವಿದ್ಯುತ್ ಬಳಕೆ ಮತ್ತು ಗೃಹಜ್ಯೋತಿ

ಯಂತ್ರದ ಬೆಲೆಯನ್ನು ಒಮ್ಮೆ ಮಾತ್ರ ಕೊಡಬೇಕು. ವಿದ್ಯುತ್ತಿನ ವೆಚ್ಚ ಪ್ರತಿ ತಿಂಗಳೂ ಬರುತ್ತದೆ. ದಿನದ 24 ಗಂಟೆಯೂ ನಡೆಯುವ ಸಾಧನದ ಮಾಸಿಕ ಬಳಕೆಯನ್ನು ತಿಳಿಯಲು ಅದರ ವಾಟ್ ಸಂಖ್ಯೆಯನ್ನು 0.72ರಿಂದ ಗುಣಿಸಿದರೆ 30 ದಿನಗಳ ಯೂನಿಟ್ ದೊರೆಯುತ್ತದೆ.

10 ವಾಟ್ ಬಳಸುವ ಕಿರು ಗಣಕಯಂತ್ರ: ತಿಂಗಳಿಗೆ 7.2 ಯೂನಿಟ್
20 ವಾಟ್ ಬಳಸುವ ಯಂತ್ರ: ತಿಂಗಳಿಗೆ 14.4 ಯೂನಿಟ್
60 ವಾಟ್ ಬಳಸುವ ಹಳೆಯ ದೊಡ್ಡ ಗಣಕಯಂತ್ರ: ತಿಂಗಳಿಗೆ 43.2 ಯೂನಿಟ್
100 ವಾಟ್ ಬಳಸುವ ಕಚೇರಿ ಸರ್ವರ್: ತಿಂಗಳಿಗೆ 72 ಯೂನಿಟ್

ಲೆಕ್ಕದ ಅನುಕೂಲಕ್ಕಾಗಿ ಯೂನಿಟ್‌ಗೆ 6 ರೂಪಾಯಿ ಎಂದು ಇಟ್ಟುಕೊಂಡರೆ, 10 ವಾಟ್ ಯಂತ್ರಕ್ಕೆ ವರ್ಷಕ್ಕೆ ಸುಮಾರು 525 ರೂಪಾಯಿ, 60 ವಾಟ್ ಯಂತ್ರಕ್ಕೆ ಸುಮಾರು 3,150 ರೂಪಾಯಿ ಆಗುತ್ತದೆ. ಉಚಿತವಾಗಿ ದೊರೆತ ಹಳೆಯ ದೊಡ್ಡ ಗಣಕಯಂತ್ರವು ಎರಡು ಮೂರು ವರ್ಷಗಳಲ್ಲಿ ಹಣ ಕೊಟ್ಟು ತಂದ ಕಿರು ಯಂತ್ರಕ್ಕಿಂತ ದುಬಾರಿಯಾಗಿ ಪರಿಣಮಿಸಬಹುದು.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಯೋಜನೆಯಡಿ 2022-23ನೇ ಸಾಲಿನ ಸರಾಸರಿ ಮಾಸಿಕ ಬಳಕೆಗೆ ಶೇ. 10ರಷ್ಟು ಸೇರಿಸಿ, 200 ಯೂನಿಟ್ ಮೀರದಂತೆ ಅರ್ಹ ಮಿತಿಯನ್ನು ನಿಗದಿಪಡಿಸಲಾಗಿದೆ. 2024ರಲ್ಲಿ ಮಾಡಲಾದ ಮಾರ್ಪಾಡಿನಂತೆ, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸಲಾಗುತ್ತದೆ. ಅರ್ಹ ಮಿತಿಯನ್ನು ಮೀರಿದ ಯೂನಿಟ್‌ಗಳಿಗೆ ಶುಲ್ಕ ತೆರಬೇಕು. ಬಳಕೆಯು 200 ಯೂನಿಟ್ ದಾಟಿದ ತಿಂಗಳಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕು. ಇದರ ಪರಿಣಾಮವನ್ನು ಕೆಳಗಿನ ಉದಾಹರಣೆಗಳಿಂದ ತಿಳಿಯಬಹುದು:

(ಅ) ಸರಾಸರಿ 40 ಯೂನಿಟ್ ಬಳಸುವ ಮನೆಯ ಅರ್ಹ ಮಿತಿ 50. ಬಳಕೆ ಬದಲಾಗದೆ 10 ವಾಟ್ ಯಂತ್ರ ಸೇರಿದರೆ 47.2 ಯೂನಿಟ್ ಆಗಿ, ಮಿತಿಯೊಳಗೇ ಇರುತ್ತದೆ.
(ಆ) ಸರಾಸರಿ 60 ಯೂನಿಟ್ ಬಳಸುವ ಮನೆಯ ಅರ್ಹ ಮಿತಿ 66. 10 ವಾಟ್ ಯಂತ್ರ ಸೇರಿದರೆ 67.2 ಆಗಿ, 1.2 ಯೂನಿಟ್‌ಗೆ ಮಾತ್ರ ಶುಲ್ಕ ಬರುತ್ತದೆ. 60 ವಾಟ್ ಯಂತ್ರವಾದರೆ 103.2 ಆಗಿ, 37.2 ಯೂನಿಟ್‌ಗೆ ಶುಲ್ಕ ತೆರಬೇಕು.
(ಇ) ಅರ್ಹ ಮಿತಿ 200 ಇದ್ದು ಈಗಾಗಲೇ 195 ಯೂನಿಟ್ ಬಳಸುವ ಮನೆಯಲ್ಲಿ 10 ವಾಟ್ ಯಂತ್ರವೂ ಬಳಕೆಯನ್ನು 202.2ಕ್ಕೆ ಏರಿಸುತ್ತದೆ. ಆ ತಿಂಗಳ ಪೂರ್ಣ ಬಿಲ್ಲು ಪಾವತಿಸಬೇಕಾಗುತ್ತದೆ.

ಆದ್ದರಿಂದ ಯಂತ್ರವನ್ನು ಕೊಳ್ಳುವ ಮೊದಲು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಕಳೆದ 12 ತಿಂಗಳ ಬಿಲ್ಲುಗಳನ್ನು ತೆಗೆದು, ಬೇಸಿಗೆಯ ತಿಂಗಳುಗಳ ಬಳಕೆಯನ್ನು ನೋಡಿಕೊಳ್ಳುವುದು ಒಳಿತು. ಫ್ಯಾನುಗಳು ಹೆಚ್ಚು ನಡೆಯುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿಯೇ ಮಿತಿ ಮೀರುವ ಸಂಭವ ಅಧಿಕ.

ಯಂತ್ರದ ಅಡಾಪ್ಟರ್ ಮೇಲೆ ಬರೆದಿರುವ 65 ವಾಟ್ ಎಂಬುದು ಅಡಾಪ್ಟರಿನ ಗರಿಷ್ಠ ಸಾಮರ್ಥ್ಯವೇ ಹೊರತು ನಿತ್ಯದ ಬಳಕೆಯಲ್ಲ. ಈ ಬಗೆಯ ಕಿರು ಯಂತ್ರಗಳು ಕೆಲಸವಿಲ್ಲದೆ ಕಾಯುವ ಸ್ಥಿತಿಯಲ್ಲಿ ಸಾಮಾನ್ಯವಾಗಿ 8ರಿಂದ 15 ವಾಟ್ ಬಳಸುತ್ತವೆ. ನಿಜವಾದ ಬಳಕೆಯನ್ನು ಮನೆಯ ಮೀಟರಿನಿಂದಲೇ ಅಂದಾಜು ಮಾಡಬಹುದು. ವಿದ್ಯುನ್ಮಾನ ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಕೆಂಪು ದೀಪ ಎಷ್ಟು ಬಾರಿ ಮಿನುಗುತ್ತದೆ ಎಂಬ ಸಂಖ್ಯೆ ಮುದ್ರಿತವಾಗಿರುತ್ತದೆ. ಆ ಸಂಖ್ಯೆ 3,200 ಎಂದಿದ್ದಲ್ಲಿ, ಮನೆಯ ಇತರ ಎಲ್ಲ ಸಾಧನಗಳನ್ನು ನಿಲ್ಲಿಸಿ ಯಂತ್ರವೊಂದನ್ನೇ ನಡೆಸಿದಾಗ ಗಂಟೆಗೆ 32 ಬಾರಿ ಮಿನುಗಿದರೆ ಅದು 10 ವಾಟ್ ಬಳಸುತ್ತಿದೆ ಎಂದು ತಿಳಿಯಬೇಕು.

5. ಕೊಳ್ಳುವ ಸ್ಥಳದಲ್ಲಿಯೇ ಮಾಡಬೇಕಾದ ಪರಿಶೀಲನೆ

ನಾಲ್ಕೂ ತಾಲ್ಲೂಕುಗಳ ಖರೀದಿದಾರರು ಬಳಸಿದ ಯಂತ್ರಗಳಿಗಾಗಿ ಹುಬ್ಬಳ್ಳಿ, ದಾವಣಗೆರೆ ಮುಂತಾದ ನಗರಗಳ ಅಂಗಡಿಗಳನ್ನು ಅಥವಾ ಅಂತರ್ಜಾಲದ ಮಾರಾಟಗಾರರನ್ನು ಅವಲಂಬಿಸಬೇಕಾಗುವುದರಿಂದ, ಹಿಂದಿರುಗಿಸಲು ಮತ್ತೆ ಪ್ರಯಾಣ ಮಾಡುವುದು ಕಷ್ಟಕರ. ಹಣ ಪಾವತಿಸುವ ಮುನ್ನವೇ ಈ ಕೆಳಗಿನ ಪರಿಶೀಲನೆಯನ್ನು ಕ್ರಮವಾಗಿ ಮಾಡತಕ್ಕದ್ದು:

(1) ಬಯಾಸ್ ಬೀಗ: ಯಂತ್ರ ಆರಂಭವಾಗುವಾಗ ಡೆಲ್‌ನಲ್ಲಿ ಎಫ್2, ಲೆನೊವೊದಲ್ಲಿ ಎಫ್1, ಎಚ್‌ಪಿಯಲ್ಲಿ ಎಫ್10 ಕೀಲಿಯನ್ನು ಒತ್ತಿದರೆ ಬಯಾಸ್ ಪುಟ ತೆರೆಯುತ್ತದೆ. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಹಳೆಯ ಸಂಸ್ಥೆಯ ಬೀಗ ಇನ್ನೂ ಉಳಿದಿದೆ ಎಂದರ್ಥ. ಮಾರಾಟಗಾರರು ತಮ್ಮ ಎದುರಿನಲ್ಲಿಯೇ ಅದನ್ನು ತೆಗೆಯದಿದ್ದಲ್ಲಿ ಯಂತ್ರವನ್ನು ಕೊಳ್ಳಬಾರದು.

(2) ಕಳವು ತಡೆ ವ್ಯವಸ್ಥೆ: ಬಯಾಸ್‌ನ ಸುರಕ್ಷತೆ ವಿಭಾಗದಲ್ಲಿ ಕಂಪ್ಯೂಟ್ರೇಸ್ ಅಥವಾ ಆಬ್ಸಲ್ಯೂಟ್ ಎಂಬ ಹೆಸರಿನ ಮುಂದೆ ಅದು ಸಕ್ರಿಯವಾಗಿದೆ ಎಂದು ತೋರಿಸಿದರೆ, ಹಿಂದಿನ ಸಂಸ್ಥೆಯು ಯಂತ್ರವನ್ನು ತನ್ನ ಪಟ್ಟಿಯಿಂದ ಬಿಡುಗಡೆ ಮಾಡಿಲ್ಲದಿರಬಹುದು. ಇಂತಹ ಯಂತ್ರವನ್ನೂ ತಿರಸ್ಕರಿಸುವುದು ಸೂಕ್ತ.

(3) ಅಡಾಪ್ಟರ್: ಡೆಲ್, ಎಚ್‌ಪಿ ಮತ್ತು ಲೆನೊವೊ ಅಡಾಪ್ಟರ್‌ಗಳ ಪಿನ್ನುಗಳು ಒಂದೇ ಬಗೆಯವಲ್ಲ. ಯಂತ್ರದೊಂದಿಗೆ ಅದೇ ತಯಾರಕರ ಅಡಾಪ್ಟರ್ ಇರುವುದನ್ನೂ, ಅದರ ಮೇಲೆ ಬಿಐಎಸ್ ನೋಂದಣಿ ಗುರುತು ಇರುವುದನ್ನೂ ನೋಡಬೇಕು. ಹಗಲಿರುಳು ನಡೆಯುವ ಸಾಧನಕ್ಕೆ ಗುರುತಿಲ್ಲದ ಅಡಾಪ್ಟರ್ ಅಪಾಯಕಾರಿ.

(4) ಎಸ್‌ಎಸ್‌ಡಿ ಸ್ಥಿತಿ: ಲಿನಕ್ಸ್ ಇರುವ ಪೆನ್ ಡ್ರೈವ್ ಒಂದನ್ನು ಜೊತೆಗೆ ಒಯ್ದು ಅದರಿಂದ ಯಂತ್ರವನ್ನು ಆರಂಭಿಸಬಹುದು. ಡಿಸ್ಕಿನ ಸ್ವಯಂ ವರದಿಯಲ್ಲಿ ಅದು ಎಷ್ಟು ಗಂಟೆ ನಡೆದಿದೆ, ದೋಷಗಳು ದಾಖಲಾಗಿವೆಯೇ ಎಂಬುದು ಕಾಣುತ್ತದೆ. ಒಂದು ವರ್ಷಕ್ಕೆ 8,760 ಗಂಟೆಗಳು. ಸವೆದ ಡಿಸ್ಕ್ ಇದ್ದಲ್ಲಿ ಅದರ ಬೆಲೆಯನ್ನು ಕಳೆದು, ಹೊಸದನ್ನು ಹಾಕಿಕೊಳ್ಳುವುದು ಕ್ಷೇಮ.

(5) ಶಬ್ದ: ಅಂಗಡಿಯ ಗದ್ದಲದಲ್ಲಿ ಫ್ಯಾನಿನ ಸದ್ದು ತಿಳಿಯುವುದಿಲ್ಲ. ಯಂತ್ರವನ್ನು 10 ನಿಮಿಷ ನಡೆಸಿ, ಕಿವಿಯನ್ನು ಹತ್ತಿರ ತಂದು ಕೇಳಬೇಕು. ಕಟಕಟ ಅಥವಾ ಕೊರೆಯುವ ಸದ್ದು ಇದ್ದರೆ ಫ್ಯಾನ್ ಬದಲಾಯಿಸಬೇಕಾಗುತ್ತದೆ. ಸಮನಾದ ಗಾಳಿಯ ಸದ್ದು ಮಾತ್ರ ಹೆಚ್ಚಿದ್ದರೆ ಬಹುತೇಕ ಧೂಳೇ ಕಾರಣ.

(6) ರಸೀದಿ: ಯಂತ್ರದ ಮಾದರಿ ಮತ್ತು ಕ್ರಮ ಸಂಖ್ಯೆಯನ್ನು ನಮೂದಿಸಿದ ರಸೀದಿಯನ್ನು ಪಡೆಯತಕ್ಕದ್ದು. ಯಂತ್ರವು ಕಳವಿನದೆಂದು ಮುಂದೆ ಪ್ರಶ್ನೆ ಬಂದಲ್ಲಿ ಇದೇ ಆಧಾರ. ಮಾರಾಟಗಾರರೊಂದಿಗಿನ ವ್ಯಾಜ್ಯಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು.

6. ಯಂತ್ರವನ್ನು ಇಡುವ ಸ್ಥಳ

ಗಾಳಿಯಾಡುವ, ನೆಲದಿಂದ ಎತ್ತರದ ಗೋಡೆಯ ಹಲಗೆ ಸೂಕ್ತ ಸ್ಥಳ. ಹಾನಗಲ್ ಭಾಗದ ಅರೆಮಲೆನಾಡಿನ ಮಳೆಗಾಲದಲ್ಲಿ ಗೋಡೆಗಳು ಥಂಡಿ ಹಿಡಿಯುವುದರಿಂದ ಯಂತ್ರವನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಅಂತರದಲ್ಲಿ ಇಡಬೇಕು. ಹಿರೇಕೆರೂರು ಭಾಗದಲ್ಲಿ ಗೋವಿನಜೋಳದ ಒಕ್ಕಣೆಯ ಹೊತ್ತಿನಲ್ಲಿ ಏಳುವ ಸಣ್ಣ ಧೂಳು ಫ್ಯಾನಿನ ರೆಕ್ಕೆಗಳಿಗೆ ಅಂಟುತ್ತದೆ. ಸುಗ್ಗಿ ಮುಗಿದ ಮೇಲೆ ಯಂತ್ರವನ್ನು ನಿಲ್ಲಿಸಿ, ತಂತಿ ತೆಗೆದು, ಮೃದು ಕುಂಚದಿಂದ ಒಮ್ಮೆ ಸ್ವಚ್ಛಗೊಳಿಸುವುದು ಅಗತ್ಯ. ಅಡುಗೆಮನೆಯ ಒಗ್ಗರಣೆಯ ಹೊಗೆ, ಮೆಣಸಿನಕಾಯಿ ಒಣಗಿಸುವ ಜಾಗ, ಇರುವೆ ಸೇರುವ ಮೂಲೆ ಇವುಗಳಿಂದ ದೂರವಿಡಬೇಕು. ನದಿ ದಂಡೆಯ ಗ್ರಾಮಗಳಲ್ಲಿ ಯಂತ್ರವನ್ನು ಹಿಂದಿನ ನೆರೆಯ ಗುರುತಿಗಿಂತ ಮೇಲೆ ಇಡುವುದು ವಿವೇಕ.

ಮಲಗುವ ಕೋಣೆಯಲ್ಲಿ ಇಡುವುದು ಅನಿವಾರ್ಯವಾದಲ್ಲಿ ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಮಾತ್ರ ಬಳಸಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವಿಲ್ಲದ್ದರಿಂದ ಸದ್ದೂ ಇಲ್ಲ, ಬಿದ್ದರೆ ಹಾಳಾಗುವ ಭಯವೂ ಕಡಿಮೆ.

7. ವಿದ್ಯುತ್ ವ್ಯತ್ಯಯ ಮತ್ತು ಸಿಡಿಲು

ವಿದ್ಯುತ್ ಹೋಗಿ ಬಂದಾಗ ಯಂತ್ರವು ತಾನಾಗಿಯೇ ಆರಂಭವಾಗುವಂತೆ ಬಯಾಸ್‌ನಲ್ಲಿ ಸೂಚಿಸಬಹುದು. ವಿದ್ಯುತ್ ಕಡಿತದ ನಂತರ ಏನು ಮಾಡಬೇಕು ಎಂಬ ಆಯ್ಕೆಯನ್ನು ಚಾಲನೆಗೆ ಬದಲಾಯಿಸಿದರೆ ಸಾಕು. ಇಲ್ಲವಾದರೆ ಪ್ರತಿ ಬಾರಿಯೂ ಗುಂಡಿ ಒತ್ತಬೇಕಾಗುತ್ತದೆ.

ಹಠಾತ್ತನೆ ವಿದ್ಯುತ್ ಹೋಗುವುದರಿಂದ ಬರೆಯುತ್ತಿದ್ದ ಕಡತಗಳು ಹಾಳಾಗಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದಲ್ಲಿ ಅದರ ಸ್ವಿಚ್ಚನ್ನು ಯುಪಿಎಸ್ ಸ್ಥಿತಿಯಲ್ಲಿ ಇಟ್ಟರೆ ಬದಲಾವಣೆಯ ಅಂತರ ಕಡಿಮೆಯಾಗಿ ಯಂತ್ರ ನಿಲ್ಲುವ ಸಂಭವ ತಗ್ಗುತ್ತದೆ. ರೂಟರಿಗಾಗಿ ಮಾರಾಟವಾಗುವ 12 ವೋಲ್ಟ್‌ನ ಚಿಕ್ಕ ಯುಪಿಎಸ್‌ಗಳು ಈ ಯಂತ್ರಗಳಿಗೆ ಹೊಂದುವುದಿಲ್ಲ. ಈ ಯಂತ್ರಗಳಿಗೆ 19ರಿಂದ 20 ವೋಲ್ಟ್ ಬೇಕು. ಅನೇಕರು ಇಲ್ಲಿ ತಪ್ಪಿ ಹಣ ಕಳೆದುಕೊಳ್ಳುವ ಸಂಭವವಿರುವುದರಿಂದ ಇದನ್ನು ವಿಶೇಷವಾಗಿ ತಿಳಿಸಲಾಗಿದೆ.

ಮುಂಗಾರು ಪೂರ್ವದ ಗುಡುಗು ಸಿಡಿಲಿನ ಸಮಯದಲ್ಲಿ ವಿದ್ಯುತ್ ತಂತಿಯ ಜೊತೆಗೆ ರೂಟರಿನ ತಂತಿಯನ್ನೂ ತೆಗೆಯಬೇಕು. ಮನೆಯ ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷಿಸಿಕೊಳ್ಳಬೇಕು. ವಿದ್ಯುತ್ ಸರಬರಾಜಿನ ದೂರುಗಳಿಗೆ ಸಹಾಯವಾಣಿ 1912 ಲಭ್ಯವಿದೆ.

8. ದಾಖಲೆಗಳನ್ನು ಜೋಡಿಸುವ ಕ್ರಮ

ಡಿಜಿಟಲ್ ಸಹಿ ಉಳ್ಳ ಪ್ರಮಾಣ ಪತ್ರ ಅಥವಾ ಪಹಣಿಯನ್ನು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿದರೆ ಸಹಿಯ ವಿದ್ಯುನ್ಮಾನ ಪರಿಶೀಲನೆ ಸಾಧ್ಯವಾಗುವುದಿಲ್ಲ. ಅದು ಕೇವಲ ಚಿತ್ರವಾಗಿ ಉಳಿಯುತ್ತದೆ. ಆದ್ದರಿಂದ ಪಡೆದುಕೊಂಡ ಮೂಲ ಕಡತವನ್ನು ಯಾವ ಬದಲಾವಣೆಯನ್ನೂ ಮಾಡದೆ ಹಾಗೆಯೇ ಸಂಗ್ರಹಿಸತಕ್ಕದ್ದು. ಸಕಾಲ ಸ್ವೀಕೃತಿಯಲ್ಲಿನ ಸಂಖ್ಯೆಯನ್ನು ಕಡತದ ಹೆಸರಿನಲ್ಲಿಯೇ ಸೇರಿಸಿದರೆ, ವಿಳಂಬವಾದಾಗ ಮೇಲ್ಮನವಿ ಸಲ್ಲಿಸಲು ಹುಡುಕಾಡಬೇಕಾಗುವುದಿಲ್ಲ.

ಹಳೆಯ ಕಾಗದಪತ್ರಗಳ ವಿಷಯದಲ್ಲಿ ಈ ಭಾಗದ ಇತಿಹಾಸವನ್ನು ನೆನಪಿಡಬೇಕು. ಹಾವೇರಿ ಜಿಲ್ಲೆಯು 1997ರ ಆಗಸ್ಟ್ 24ರಂದು ಅಸ್ತಿತ್ವಕ್ಕೆ ಬಂದಿದ್ದು, ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ಧಾರವಾಡ ಜಿಲ್ಲೆ ಎಂದಿರುತ್ತದೆ. 1956ಕ್ಕಿಂತ ಹಿಂದಿನವು ಮುಂಬಯಿ ಆಡಳಿತದ ಕಾಲದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಹಿರೇಕೆರೂರಿನಿಂದ ಬೇರ್ಪಟ್ಟ ರಟ್ಟೀಹಳ್ಳಿ ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಹೀಗೆ ಒಂದೇ ಜಮೀನಿನ ಪತ್ರಗಳಲ್ಲಿ ಬೇರೆ ಬೇರೆ ಜಿಲ್ಲೆ, ತಾಲ್ಲೂಕುಗಳ ಹೆಸರು ಕಾಣುವುದು ಸಹಜ. ಕಡತಕ್ಕೆ ಗ್ರಾಮ, ಸರ್ವೆ ನಂಬರ್, ದಾಖಲೆಯ ಬಗೆ, ವರ್ಷ ಎಂಬ ಕ್ರಮದಲ್ಲಿ ಹೆಸರಿಟ್ಟರೆ ಗೊಂದಲವಾಗದು. ಶಿಥಿಲವಾದ ಹಳೆಯ ಪತ್ರಗಳನ್ನು ಅಂಗುಲಕ್ಕೆ 300 ಚುಕ್ಕಿಗಳ ಸಾಂದ್ರತೆಯಲ್ಲಿ, ಬಣ್ಣದಲ್ಲಿ, ಎರಡೂ ಬದಿ ಸ್ಕ್ಯಾನ್ ಮಾಡುವುದು ಒಳ್ಳೆಯದು. ಹಿಂಬದಿಯ ಮುದ್ರೆ ಮತ್ತು ಷರಾಗಳೇ ಕೆಲವೊಮ್ಮೆ ಮುಖ್ಯವಾಗುತ್ತವೆ.

ಹಿಂದೆ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಅರ್ಜಿಗಳು ಹೊಸ ಯಂತ್ರದಲ್ಲಿ ಓದಲಾಗದ ಚಿಹ್ನೆಗಳಾಗಿ ಕಾಣಬಹುದು. ಹಳೆಯ ಗಣಕಯಂತ್ರವನ್ನು ವಿಲೇವಾರಿ ಮಾಡುವ ಮೊದಲೇ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಪಿಡಿಎಫ್ ಪ್ರತಿಯನ್ನೂ ತೆಗೆದಿಡಬೇಕು.

9. ಸುರಕ್ಷತೆ

(ಅ) ಮಾರಾಟಗಾರರು ಹಾಕಿಕೊಟ್ಟ ತಂತ್ರಾಂಶವನ್ನು ಬಳಸದೆ, ಡಿಸ್ಕನ್ನು ಸಂಪೂರ್ಣವಾಗಿ ಅಳಿಸಿ ಹೊಸದಾಗಿ ತಂತ್ರಾಂಶವನ್ನು ಸ್ಥಾಪಿಸಬೇಕು.
(ಆ) ಮನೆಯೊಳಗಿನ ಬಳಕೆಗೆ ಸಾಂಬಾ, ಮೊಬೈಲ್‌ಗಳಿಂದ ಸುಲಭವಾಗಿ ಬಳಸಲು ನೆಕ್ಸ್ಟ್‌ಕ್ಲೌಡ್ ಮುಂತಾದ ಉಚಿತ ತಂತ್ರಾಂಶಗಳಿವೆ.
(ಇ) ಹೊರಗಿನಿಂದ ತಲುಪಲೆಂದು ರೂಟರಿನ ದ್ವಾರಗಳನ್ನು ತೆರೆದಿಡಬಾರದು. ಅವಶ್ಯವಿದ್ದಲ್ಲಿ ವೈರ್‌ಗಾರ್ಡ್‌ನಂತಹ ಖಾಸಗಿ ಸುರಂಗ ಸಂಪರ್ಕವನ್ನು ತಿಳಿದವರ ನೆರವಿನಿಂದ ಅಳವಡಿಸಿಕೊಳ್ಳಬಹುದು. ಬಹುತೇಕ ಮನೆಗಳಿಗೆ ಮನೆಯೊಳಗಿನ ಸಂಪರ್ಕವೇ ಸಾಕು.
(ಈ) ಯಂತ್ರ ಕಳವಾದರೂ ದಾಖಲೆಗಳು ಸಿಗದಂತೆ ದಾಖಲೆಗಳ ಭಾಗವನ್ನು ಗೂಢಲಿಪಿಯಲ್ಲಿ ಇರಿಸಬಹುದು. ಇಡೀ ಡಿಸ್ಕನ್ನು ಹಾಗೆ ಮಾಡಿದರೆ ವಿದ್ಯುತ್ ಹೋಗಿ ಬಂದಾಗಲೆಲ್ಲ ಪಾಸ್‌ವರ್ಡ್ ಕೊಡುವವರೆಗೆ ಯಂತ್ರ ಆರಂಭವಾಗುವುದಿಲ್ಲ.
(ಉ) ಆಧಾರ್‌ನ ಮೊದಲ 8 ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡು, ಪೂರ್ಣ ಸಂಖ್ಯೆ ಬೇಡದ ಕಡೆ ಅದನ್ನೇ ನೀಡಬೇಕು.
(ಊ) ಪಾಸ್‌ವರ್ಡನ್ನು ಕುಟುಂಬದ ಕನಿಷ್ಠ ಇಬ್ಬರು ತಿಳಿದಿರಬೇಕು. ಒಬ್ಬರೇ ತಿಳಿದಿದ್ದು ಅವರಿಗೆ ತೊಂದರೆಯಾದಲ್ಲಿ ವಾರಸಾ ಅರ್ಜಿಗೆ ಬೇಕಾದ ದಾಖಲೆಯೂ ಸಿಗದಂತಾಗುತ್ತದೆ.

10. ಎರಡನೆಯ ಪ್ರತಿ

ಒಂದೇ ಯಂತ್ರದಲ್ಲಿರುವ ದಾಖಲೆಯು ಸುರಕ್ಷಿತ ದಾಖಲೆಯಲ್ಲ. ಬಳಸಿದ ಯಂತ್ರವು ಯಾವುದೇ ದಿನ ಕೆಡಬಹುದು. ತಿಂಗಳಿಗೊಮ್ಮೆ ಎಲ್ಲ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ ಇಡಬೇಕು. ಮತ್ತೊಂದು ಪ್ರತಿಯು ಬೇರೆ ಊರಿನಲ್ಲಿರುವುದು ಉತ್ತಮ. ವರದಾ ದಂಡೆಯ ಮನೆಯ ಪ್ರತಿಯನ್ನು ಶಿಗ್ಗಾಂವಿಯ ಬಂಧುಗಳ ಮನೆಯಲ್ಲಿಯೂ, ಅವರ ಪ್ರತಿಯನ್ನು ಇಲ್ಲಿಯೂ ಇಟ್ಟುಕೊಂಡರೆ ಎರಡೂ ಕುಟುಂಬಗಳಿಗೆ ಖರ್ಚಿಲ್ಲದೆ ರಕ್ಷಣೆ ದೊರೆಯುತ್ತದೆ. ಬೇರೆಡೆ ಇಡುವ ಪ್ರತಿಗೆ ಪಾಸ್‌ವರ್ಡ್ ಹಾಕತಕ್ಕದ್ದು. ಆರು ತಿಂಗಳಿಗೊಮ್ಮೆ ನಕಲಿನಿಂದ ಒಂದು ಕಡತವನ್ನು ತೆರೆದು ನೋಡಿ, ಅದು ನಿಜವಾಗಿಯೂ ತೆರೆಯುತ್ತದೆ ಎಂದು ಖಚಿತಪಡಿಸಿಕೊಳ್ಳಬೇಕು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯ ಸರ್ವರಿನಲ್ಲಿರುವ ಸ್ಕ್ಯಾನ್ ಪ್ರತಿಯನ್ನು ಕಚೇರಿಗಳಲ್ಲಿ ಮೂಲ ದಾಖಲೆಯೆಂದು ಒಪ್ಪಲಾಗುತ್ತದೆಯೇ?
ಉತ್ತರ: ಇಲ್ಲ. ಅದು ನಕಲು ಮಾತ್ರ. ಮೂಲ ಕಾಗದವನ್ನು ಜೋಪಾನವಾಗಿ ಇಡಲೇಬೇಕು. ಡಿಜಿಲಾಕರ್‌ನಲ್ಲಿ ಸಂಬಂಧಪಟ್ಟ ಪ್ರಾಧಿಕಾರವೇ ನೀಡಿದ ದಾಖಲೆಗಳಿಗೆ ಮೂಲ ದಾಖಲೆಯ ಮಾನ್ಯತೆ ಇದೆ. ಮನೆಯ ಸಂಗ್ರಹವು ಅದಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಪ್ರಶ್ನೆ: ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪನ್ನೇ ಬಳಸಬಹುದೇ?
ಉತ್ತರ: ಬಳಸಬಹುದು. ಅದರ ಬ್ಯಾಟರಿಯು ವಿದ್ಯುತ್ ವ್ಯತ್ಯಯದಲ್ಲಿ ನೆರವಾಗುತ್ತದೆ. ಆದರೆ ಬ್ಯಾಟರಿ ಉಬ್ಬಿದ್ದಲ್ಲಿ ಹಗಲಿರುಳು ನಡೆಸುವುದು ಅಪಾಯಕಾರಿಯಾದ್ದರಿಂದ ತಕ್ಷಣ ತೆಗೆಸಬೇಕು. ಹೊಸ ವೆಚ್ಚವಿಲ್ಲದ ಈ ಮಾರ್ಗವನ್ನು ಮೊದಲು ಪರಿಗಣಿಸುವುದು ಉಚಿತ.

ಪ್ರಶ್ನೆ: ಯಂತ್ರವನ್ನು ರಾತ್ರಿ ನಿಲ್ಲಿಸಬಹುದೇ?
ಉತ್ತರ: ನಿಲ್ಲಿಸಬಹುದು. ದಿನಕ್ಕೆ 12 ಗಂಟೆ ಮಾತ್ರ ನಡೆಸಿದರೆ 10 ವಾಟ್ ಯಂತ್ರದ ಮಾಸಿಕ ಬಳಕೆ 3.6 ಯೂನಿಟ್‌ಗೆ ಇಳಿಯುತ್ತದೆ. ಗೃಹಜ್ಯೋತಿ ಮಿತಿಯ ಅಂಚಿನಲ್ಲಿರುವ ಮನೆಗಳಿಗೆ ಇದು ಸೂಕ್ತ.

ಪ್ರಶ್ನೆ: ನೆರೆಹೊರೆಯವರ ದಾಖಲೆಗಳನ್ನೂ ಇಟ್ಟುಕೊಡಬಹುದೇ?
ಉತ್ತರ: ಅದು ಸೂಕ್ತವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವ್ಯಕ್ತಿಯು ಸ್ವಂತ ಅಥವಾ ಗೃಹ ಉದ್ದೇಶಕ್ಕೆ ಮಾಡುವ ಬಳಕೆಗೆ ಅನ್ವಯಿಸುವುದಿಲ್ಲ. ಇತರರಿಗಾಗಿ ಸೇವೆಯ ರೂಪದಲ್ಲಿ ದಾಖಲೆಗಳನ್ನು ಇಡತೊಡಗಿದರೆ ಹೊಣೆಗಾರಿಕೆ ಬದಲಾಗುತ್ತದೆ.

ಪ್ರಶ್ನೆ: ಕೆಟ್ಟ ಯಂತ್ರವನ್ನು ಏನು ಮಾಡಬೇಕು?
ಉತ್ತರ: ಡಿಸ್ಕನ್ನು ಮೊದಲು ಹೊರತೆಗೆದು, ದಾಖಲೆಗಳನ್ನು ಅಳಿಸಿ ಅಥವಾ ಡಿಸ್ಕನ್ನೇ ನಾಶಪಡಿಸಿ, ಉಳಿದುದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಣೆಗೆ ನೀಡಬೇಕು. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಗುಜರಿಗೆ ಹಾಕುವುದಾಗಲಿ, ಸುಡುವುದಾಗಲಿ ಸಲ್ಲದು.

12. ಸಾರಾಂಶ

ಬಳಸಿದ ಕಿರು ಗಣಕಯಂತ್ರವನ್ನು ಕೊಳ್ಳುವವರು ಮೊದಲು ಮನೆಯ ವಿದ್ಯುತ್ ಬಿಲ್ಲನ್ನು, ನಂತರ ಯಂತ್ರದ ಬಯಾಸ್ ಬೀಗವನ್ನು, ಕೊನೆಯಲ್ಲಿ ಬೆಲೆಯನ್ನು ನೋಡತಕ್ಕದ್ದು. 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ, ಮೂಲ ಅಡಾಪ್ಟರ್ ಮತ್ತು ಕ್ರಮ ಸಂಖ್ಯೆಯುಳ್ಳ ರಸೀದಿ ಇವಿಷ್ಟು ಇರುವ 6 ಅಥವಾ 7ನೇ ಪೀಳಿಗೆಯ ಯಂತ್ರವು ಒಂದು ಕುಟುಂಬದ ದಾಖಲೆಗಳಿಗೆ ಸಾಕಾಗುತ್ತದೆ. ಬೇರೆ ಊರಿನಲ್ಲಿ ಎರಡನೆಯ ಪ್ರತಿಯನ್ನು ಇಡಲು ಸಾಧ್ಯವಾಗದವರು ಯಂತ್ರದ ಖರೀದಿಯನ್ನು ಮುಂದೂಡಿ, ಆ ಹಣದಲ್ಲಿ ಮೊದಲು ಎರಡು ಹೊರ ಡಿಸ್ಕುಗಳನ್ನು ಕೊಂಡು ದಾಖಲೆಗಳನ್ನು ನಕಲು ಮಾಡಿಟ್ಟುಕೊಳ್ಳುವುದೇ ಹೆಚ್ಚು ಪ್ರಯೋಜನಕಾರಿ ಎಂದು ತಿಳಿಸಲಾಗಿದೆ.